ಅರ್ಧ ಕೇಳಿದ ಹಾಡು

ಅಣ್ಣಾ,

ಸುಳ್ಳು ಬರೆಯಲೋ ನಿಜ ಬರೆಯಲೋ ಎಂಬ ಚಿಂತೆಯಲ್ಲೇ ಮೂರು ದಿನ ಕಳೆದೆ.

ಅಂಗಡಿಯಲ್ಲಿ ಅರ್ಧ ಹಾಡು ಕೇಳಿ ನೀನು ಒಂಬತ್ತು ವರ್ಷ ಹುಡುಕಿದ ಆ ಜಪಾನಿ ರೆಕಾರ್ಡು ಸೋಮವಾರ ಬಂತು. ನಿನ್ನ ಕಿವಿ ಪೂರ್ತಿ ಹೋಗಿ ಎರಡು ತಿಂಗಳಾದ ಮೇಲೆ ಬಂತು, ಹಾಳಾದ್ದು. ನನ್ನ ಕಪಾಟಿನಲ್ಲಿ ಬಟ್ಟೆಗಳ ಕೆಳಗಿದೆ. ರೆಕಾರ್ಡಿನ ಕವರಿಗೆ ಸುತ್ತಿದ ಕಾಗದದ ಪಟ್ಟಿ ಹರಿದಿಲ್ಲ, ಬೈಯಬೇಡ. ಒದ್ದೆ ಕೈಯಲ್ಲಿ ಮುಟ್ಟಬೇಡ. ಊಟ ಮುಚ್ಚಿಟ್ಟಿದ್ದೇನೆ, ಮೊದಲು ಅದನ್ನು ಮುಗಿಸು. ನಾಲ್ಕಕ್ಕೆ ಡಾಕ್ಟರ ಹತ್ತಿರ ಹೋಗಬೇಕು. "ಇನ್ನೇನು ಕೇಳಿಸುತ್ತೆ, ಮಣ್ಣು" ಅಂತ ತಪ್ಪಿಸಿಕೊಳ್ಳಬೇಡ.

ಬಂದ ದಿನವೇ, ನೀನು ಪೇಪರ್ ಓದುತ್ತಿದ್ದಾಗ ನಿನ್ನ ಬೆನ್ನ ಹಿಂದೆಯೇ ರೆಕಾರ್ಡು ಹಾಕಿ ಕೇಳಿದೆ. ನೀನು ತಿರುಗಿ ನೋಡಲಿಲ್ಲ. "ಇಷ್ಟಕ್ಕೇ ಅಷ್ಟು ಒದ್ದಾಡಿದೆಯಾ, ಅಂಥದ್ದೇನೂ ಇಲ್ಲ ಬಿಡು" ಎಂದು ಬರೆದರೆ ನಿನಗೆ ಅಷ್ಟಾದರೂ ಸಮಾಧಾನವಾಗಬಹುದು ಅಂದುಕೊಂಡಿದ್ದೆ. ಕೈ ಏಳಲಿಲ್ಲ.

ಹಾಡು ಮುಗಿದ ಮೇಲೆ ನಿನ್ನ ಬೆನ್ನಿಗೇ ಗಟ್ಟಿಯಾಗಿ ಒಂದು ಮಾತು ಹೇಳಿದೆ. ನಿನಗೆ ಕೇಳಿಸಲಿಲ್ಲವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ:

"ಅಣ್ಣಾ, ನೀನು ಕೇಳದ ಅರ್ಧ ಇನ್ನೂ ಚೆನ್ನಾಗಿದೆ ಕಣೋ."