ನಶೀದಾ, ಆ ಬಿ ಸೈಡ್ ಈಗಲೂ ನನಗೆ ಹಿಡಿಸುವುದಿಲ್ಲ

ಮಂಡೆಕೋಲು,
ಗುರುವಾರ ಮಧ್ಯಾಹ್ನ

ನನ್ನ ಹಟಮಾರಿ ನಶೀದಾ,

ನಿನ್ನೆ ಪುತ್ತೂರಿಗೆ ಹೋಗಿದ್ದೆ, ನೀನಿಲ್ಲದ ನಿನ್ನ ಮನೆಗೆ. ನಿನ್ನ ತಾಯಿ ಉಮ್ಮನ ಪಕ್ಕ ಕುಳಿತು ಒಂದು ಆಲ್ಬಮ್ ಪೂರ್ತಿ ಕೇಳಿದೆ. ಹಾಡು ಕೇಳಿದ ಮೇಲೆ ನಿನಗೆ ಹೇಳದೆ ಇರುವ ಅಭ್ಯಾಸ ನನಗಿಲ್ಲ. ಅದಕ್ಕೇ ಇವತ್ತು ಊಟದ ತಟ್ಟೆ ತೊಳೆಯದೆ ಬರೆಯಲು ಕುಳಿತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಿಸಬೇಡ. ಇದನ್ನೆಲ್ಲ ನೆನಪಿಟ್ಟುಕೊಳ್ಳುವವಳು ಈಗ ನಾನೊಬ್ಬಳೇ.

ಎಂಬತ್ತೈದನೇ ಇಸವಿಯಲ್ಲಿ ಪುತ್ತೂರಿನ ಕಾಲೇಜಿಗೆ ಸೇರಿದಾಗ ನಾವಿಬ್ಬರೂ ಒಂದೇ ಬೆಂಚಿನವರು. ದುಬೈಯಲ್ಲಿದ್ದ ನಿನ್ನ ಅಣ್ಣ ಕಲಂದರ್, ರೂಮಿನ ಜೊತೆಗಾರರ ಕ್ಯಾಸೆಟ್ಟುಗಳಿಂದ ಇಂಗ್ಲಿಷ್ ಹಾಡು ತುಂಬಿಸಿ ಕಳುಹಿಸುತ್ತಿದ್ದ. ಯಾವುದರ ಮೇಲೂ ಹೆಸರಿರಲಿಲ್ಲ. ಹಾಗಾಗಿ ನಾವೇ ಹೆಸರಿಟ್ಟೆವು. ಮೊದಲ ಹಾಡಿನಲ್ಲೇ ಡ್ರಮ್ಮು ಓಡೋಡಿ ಬರುತ್ತಿದ್ದದ್ದು ‘ಕುದುರೆ’. ಈಗಷ್ಟೇ ತಲೆಗೆ ನೀರು ಹಾಕಿಕೊಂಡು ಕಿಟಕಿಯ ಬಳಿ ನಿಂತವಳಂತೆ ಒಬ್ಬಳು ಹಾಡುತ್ತಿದ್ದದ್ದು ‘ಒದ್ದೆಕೂದಲು’. ಕೇಳಿದರೆ ಕಾಲು ಸುಮ್ಮನಿರದ, ಎರಡು ದಿನಕ್ಕೆ ಬೇಸರ ಬರುವಷ್ಟು ಸಿಹಿಯಾದ ಪಾಪ್ ಹಾಡುಗಳದ್ದು ‘ಹೋಳಿಗೆ’. ಎಷ್ಟೋ ವರ್ಷ ಕಳೆದು ನಿನ್ನ ಮಗ ಹಿಶಾಮ್ ಫೋನಿಗೆ ಹಾಡು ಕೇಳಿಸಿ ಅವುಗಳ ನಿಜವಾದ ಹೆಸರು ಹುಡುಕಿಕೊಟ್ಟ. ನಾವು ನೋಡಿ ನಕ್ಕೆವು, ಮತ್ತೆ ನಮ್ಮ ಹೆಸರುಗಳಿಗೇ ವಾಪಸಾದೆವು.

ಎಷ್ಟು ಜಗಳಾಡಿದೆವಲ್ಲ! ಕುದುರೆಯ ಎ ಸೈಡ್ ಬಗ್ಗೆ ನನ್ನ ತಕರಾರು ಎಂದೂ ಇರಲಿಲ್ಲ. ನಾಲ್ಕು ಹಾಡು, ಒಂದನ್ನೂ ತೆಗೆಯುವ ಹಾಗಿಲ್ಲ, ಹಿಂದೆ ಮುಂದೆ ಮಾಡುವ ಹಾಗೂ ಇಲ್ಲ. ಆದರೆ ಕ್ಯಾಸೆಟ್ಟು ತಿರುಗಿಸಿ ಹಾಕಿದರೆ, ಬಿ ಸೈಡಿನಲ್ಲಿ ಆ ಗಿಟಾರಿನವನು ಕೋಣೆಯಲ್ಲಿ ಬೇರೆ ಜನ ಇದ್ದಾರೆಂಬುದನ್ನೇ ಮರೆಯುತ್ತಾನೆ. ಅವನು ಒಂದು ಸುತ್ತು ಬಾರಿಸಿ ಮುಗಿಸುವುದರೊಳಗೆ ಸುಳ್ಯದಲ್ಲಿ ಬಸ್ಸಿಂದ ಇಳಿದು ಚಹಾ ಕುಡಿದು ಬರಬಹುದು ಎಂದು ನಾನು ಹೇಳಿದ್ದಕ್ಕೆ ನೀನು ಎರಡು ದಿನ ಮಾತು ಬಿಟ್ಟಿದ್ದೆ. ಆಮೇಲೆ ಬಂದು, "ಹಾಡಿನವನು ಹೇಳ್ಲಿಕ್ಕಾಗದೆ ಬಿಟ್ಟದ್ದನ್ನು ಅವನು ಹೇಳುದು ಮಾರಾಯ್ತಿ. ನಿಂಗೆ ಕಾಯುವ ತಾಳ್ಮೆ ಇಲ್ಲ, ಅಷ್ಟೇ" ಎಂದಿದ್ದೆ.

ನನ್ನ ಒದ್ದೆಕೂದಲನ್ನು ನೀನು ಸುಮ್ಮನೆ ಬಿಟ್ಟೆಯಾ? "ಹತ್ತು ಹಾಡಿನಲ್ಲೂ ಅದೇ ಗಂಡಸು ಇವಳನ್ನು ಬಿಟ್ಟು ಹೋಗುದು. ಒಂದರಲ್ಲಾದ್ರೂ ಇವಳೇ ಅವನನ್ನು ಬಿಡ್ಲಿಕ್ಕೆ ಎಂತ ಕಷ್ಟ?" ಎಂದು ಕಾಲೇಜಿನ ಮೆಟ್ಟಿಲಲ್ಲಿ ಎಲ್ಲರಿಗೂ ಕೇಳುವಂತೆ ಕೇಳಿದ್ದೆ. ಅದಕ್ಕೆ ಉತ್ತರ ನನಗೆ ಈಗ ಹೊಳೆದಿದೆ. ಬಿಟ್ಟು ಹೋದವರು ಒಬ್ಬರೇ ಆಗಿದ್ದರೂ ಅದನ್ನು ಹತ್ತು ಸಲ ಹೇಳಬೇಕಾಗುತ್ತದೆ ನಶೀದಾ. ಒಂದು ಸಲ ಹೇಳಿದರೆ ಮುಗಿಯುವುದಿಲ್ಲ.

ಮದುವೆಯಾಗಿ ನೀನು ದುಬೈಗೆ ಹೋದೆ. ನಾನು ಮಂಡೆಕೋಲಿಗೆ ಬಂದೆ, ಸುಳ್ಯದ ಶಾಲೆಯಲ್ಲಿ ಗಣಿತದ ಟೀಚರಾದೆ. ಜಗಳ ನಿಲ್ಲಲಿಲ್ಲ. ಮೊದಲು ಕಾಗದದಲ್ಲಿ, ಆಮೇಲೆ ವಾಟ್ಸಾಪಿನಲ್ಲಿ. ನಾನು ವಾಯ್ಸ್ ಮೆಸೇಜಿನಲ್ಲಿ ಪಾಠ ಮಾಡಿದಂತೆ ಮಾತಾಡುತ್ತೇನೆಂದು ನೀನು ತಮಾಷೆ ಮಾಡುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನೀನು ಪುತ್ತೂರಿಗೆ, ಉಮ್ಮನ ಬಳಿಗೆ ಬಂದುಬಿಟ್ಟಾಗ, ದೇವರೇ, ನಿನ್ನ ದುಃಖದ ನಡುವೆಯೂ ನನಗೆ ಒಳಗೊಳಗೇ ಸಂತೋಷವಾಗಿತ್ತು. ಶನಿವಾರ ಬಂದರೆ ಬಸ್ಸು ಹತ್ತುತ್ತಿದ್ದೆ. ಉಮ್ಮ ನನಗೆಂದು ತೆಳು ಅಕ್ಕಿರೊಟ್ಟಿ, ಪತ್ತಿರಿ, ಸುಟ್ಟಿಡುತ್ತಿದ್ದರು. ಇಬ್ಬರು ಅರವತ್ತರ ಹತ್ತಿರದ ಹೆಂಗಸರು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುದುರೆ ಓಡಿಸುತ್ತಿದ್ದೆವು.

ಅಂಥ ಶನಿವಾರಗಳು ಒಂದು ವರ್ಷವೂ ನಮಗೆ ಸಿಗಲಿಲ್ಲ.

ನಿನ್ನ ಹೊಟ್ಟೆಯಲ್ಲಿ ಗಡ್ಡೆ ಎಂದರು. ಮಂಗಳೂರಿನ ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ಒಂದು ಮದ್ದು ಇದೆ, ಅದರ ಮೇಲೆ ತಮಗೆ ಭರವಸೆ ಹೆಚ್ಚು, ಆದರೆ ಕೆಲವರಿಗೆ ಅದು ಕಿವಿಗೆ ಪೆಟ್ಟು ಕೊಡುತ್ತದೆ ಎಂದರು. ಇನ್ನೊಂದು ಅಷ್ಟು ಕೆಟ್ಟದ್ದಲ್ಲ, ಆದರೆ ಅಷ್ಟು ಬಲವೂ ಇಲ್ಲ ಎಂದರು. ನೀನು ಮನೆಗೆ ಬಂದು ಬುರ್ಖಾ ತೆಗೆದು ಮೊಳೆಗೆ ನೇತುಹಾಕಿ, ಬೆನ್ನು ತಿರುಗಿಸಿಯೇ ಕೇಳಿದೆ:

"ಕಿವಿ ಇಟ್ಕೊಳ್ಳುದಾ, ಜೀವ ಇಟ್ಕೊಳ್ಳುದಾ ಕೌಸು? ಲೆಕ್ಕದ ಟೀಚರಲ್ವಾ, ಹೇಳು."

"ಜೀವ" ಎಂದೆ ನಾನು. "ನೀನು ಬದುಕು. ಹಾಡು ನಾನು ಕೇಳಿ ಹೇಳ್ತೇನೆ."

"ನೀನು ಕೇಳಿದ್ರೆ ಆಯ್ತು ಬಿಡು! ಬಿ ಸೈಡ್ ಹಾಕುದೇ ಇಲ್ಲ ನೀನು" ಎಂದು ನಕ್ಕೆ. ಆ ನಗೆಯಲ್ಲೇ ನೀನು ತೀರ್ಮಾನ ಮಾಡಿದ್ದು ನನಗೆ ತಿಳಿಯಿತು.

ಆ ಬಲವಾದ ಮದ್ದು ಶುರುವಾದ ಮೇಲೆ ನಿನ್ನ ಕಿವಿಯಿಂದ ಮೊದಲು ಹೋದದ್ದು ಡ್ರಮ್ಮಿನ ಮೇಲೆ ತೂಗುವ ಹಿತ್ತಾಳೆ ತಟ್ಟೆಗಳ ಸದ್ದು. ಕ್ಯಾಸೆಟ್ಟು ಸವೆದಿದೆ ಎಂದು ನೀನು ಬೈದೆ. ಫೋನಿನಲ್ಲಿ ಹಾಕಿ ನೋಡಿದೆವು. ಅದರ ಸ್ಪೀಕರ್ ಸರಿ ಇಲ್ಲ ಎಂದೆ ನೀನು. ಹಿಶಾಮ್ ದುಬೈಯಿಂದ ಹೊಸ ಹೆಡ್‌ಫೋನ್ ಕಳುಹಿಸಿದ. ಅದನ್ನು ಹಾಕಿಕೊಂಡು ಕೇಳುತ್ತಾ ಕೇಳುತ್ತಾ ನಿನ್ನ ಮುಖ ಸಣ್ಣದಾಯಿತು. ಆಮೇಲೆ ಒದ್ದೆಕೂದಲಿನವಳ ಎತ್ತರದ ಸ್ವರ ಹೋಯಿತು. "ಅವಳು ಬಾಯಿ ಮುಚ್ಚಿ ಹಾಡಿದ ಹಾಗೆ ಕೇಳುದು" ಎಂದೆ. ಹಕ್ಕಿಗಳು, ಕುಕ್ಕರಿನ ಸೀಟಿ, ಉಮ್ಮನ ಕರೆ ಒಂದೊಂದಾಗಿ ಹೋದವು. ಎಲ್ಲಕ್ಕಿಂತ ಕೊನೆಯಲ್ಲಿ ಉಳಿದದ್ದು ಬೇಸ್ ಗಿಟಾರಿನ ದಪ್ಪ ಸದ್ದು. ಅದೂ ಹೋದ ಮೇಲೆ ನೀನು ಸ್ಪೀಕರಿನ ಮೇಲೆ ಅಂಗೈ ಇಟ್ಟು ಕುಳಿತುಕೊಳ್ಳತೊಡಗಿದೆ.

ನಾನು ಒಂದು ಸ್ಲೇಟು ತಂದೆ. ಹಾಡು ಸಾಗಿದಂತೆ ಬರೆದು ತೋರಿಸುತ್ತಿದ್ದೆ: ‘ಈಗ ಎರಡನೇ ಪಲ್ಲವಿ. ಈಗ ಡ್ರಮ್ಮು ನಿಂತಿತು. ಈಗ ನಿನ್ನ ಗಿಟಾರಿನವನು ಶುರು ಮಾಡಿದ, ಬಸ್ಸು ಹೊರಟಿತು.’ ನೀನು ಬಳಪ ಕಿತ್ತುಕೊಂಡು ನನ್ನ ಮಾತನ್ನು ಅಳಿಸುತ್ತಿದ್ದೆ. ಒಂದು ದಿನ ಅವನು ಬಾರಿಸುತ್ತಿದ್ದದ್ದನ್ನು ನೀನು ಬಾಯಲ್ಲಿ ಹೇಳುತ್ತಾ ಹೋದೆ, ಉದ್ದಕ್ಕೂ, ಒಂದು ತಿರುವೂ ತಪ್ಪದೆ. ಸ್ವರ ಎಲ್ಲೆಲ್ಲೋ ಹೋಗುತ್ತಿತ್ತು, ನಿನಗೆ ನಿನ್ನದೇ ಧ್ವನಿ ಕೇಳುತ್ತಿರಲಿಲ್ಲವಲ್ಲ. ಆದರೆ ನೀನೂ ಅವನೂ ಒಂದೇ ಕಡೆ ಬಂದು ನಿಂತಿರಿ. ಉಮ್ಮ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದವರು ಒಳಗೆ ಬರದೆ ತಿರುಗಿ ಹೋದರು. ನಾನು ನಿನ್ನ ಕೆನ್ನೆ ಹಿಡಿದು, "ಒಂದೂ ಮರೆತಿಲ್ಲ ನೀನು!" ಎಂದೆ. ಅದು ನಿನಗೆ ಕೇಳಿಸಲಿಲ್ಲ, ಆದರೆ ಅರ್ಥವಾಯಿತು.

ಆಗ ನೀನು ಹೇಳಿದ ಮಾತನ್ನು ನಾನು ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ.

"ಹಾಡೆಲ್ಲ ತಲೆಯಲ್ಲಿ ಉಂಟು ಕೌಸು. ಯಾರೂ ತೆಗಿಲಿಕ್ಕಾಗುದಿಲ್ಲ. ಆದ್ರೆ ನಿನ್ನ ಸ್ವರ ಮರೆತು ಹೋಗ್ತಾ ಉಂಟು. ನಿನ್ನ ಹಳೇ ವಾಯ್ಸ್ ಮೆಸೇಜ್ ಹಾಕಿ ಕಿವಿಗೆ ಇಟ್ಕೊಂಡು ಕೂರ್ತೇನೆ. ನೀನು ಎಂತದೋ ಪಾಠ ಮಾಡ್ತಾ ಇರ್ತಿ. ಒಂದು ಅಕ್ಷರ ಇಲ್ಲ."

ಸ್ಲೇಟಿನಲ್ಲಿ ಏನು ಬರೆಯಲಿ ನಾನು? ಸ್ವರವನ್ನು ಬರೆಯುವುದು ಹೇಗೆ? ನಿನ್ನ ಅಂಗೈ ಎತ್ತಿ ನನ್ನ ಕುತ್ತಿಗೆಯ ಮೇಲೆ ಇಟ್ಟುಕೊಂಡೆ. ಏನಾದರೂ ಮಾತಾಡಬೇಕಲ್ಲ, ಹದಿಮೂರರ ಮಗ್ಗಿ ಹೇಳಿದೆ. ನೀನು ಕಣ್ಣು ಮುಚ್ಚಿಕೊಂಡೆ. ಮಗ್ಗಿ ಮುಗಿದ ಮೇಲೂ ಕೈ ತೆಗೆಯಲಿಲ್ಲ. ಹದಿನಾಲ್ಕರದ್ದೂ ಹೇಳಿದೆ.

ಕಿವಿಯನ್ನು ಕೊಟ್ಟೂ ಜೀವ ಉಳಿಯಲಿಲ್ಲ. ಇದನ್ನು ಬರೆಯುವಾಗ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯುವುದಿಲ್ಲ. ಡಾಕ್ಟರು ತಾವು ನಂಬಿದ್ದನ್ನೇ ಕೊಟ್ಟರು. ನೀನು ಬದುಕುವುದನ್ನೇ ಆರಿಸಿಕೊಂಡೆ. ಆದರೂ ಗಡ್ಡೆ ಮತ್ತೆ ಬಂತು, ಮಳೆ ಶುರುವಾಗುವ ಮೊದಲೇ ನೀನು ಹೋದೆ. ಹಿಶಾಮ್ ಬಂದು ಮುಟ್ಟಿದ, ನಿನ್ನ ಕೈ ಬಿಸಿಯಿರುವಾಗಲೇ ಮುಟ್ಟಿದ, ಅಷ್ಟು ಸಮಾಧಾನ. ಬಿಳಿ ಬಟ್ಟೆಯೊಳಗೆ ನಿನ್ನ ಮುಖ ತೋರಿಸಿದರು. ಗಂಡಸರು ನಿನ್ನನ್ನು ಎತ್ತಿಕೊಂಡು ಪಳ್ಳಿಯ ಕಡೆ, ಮಸೀದಿಯ ಖಬರಸ್ತಾನಕ್ಕೆ, ಹೋದರು. ನಾವು ಹೆಂಗಸರು ಒಳಗೆ ಉಳಿದೆವು. ಉಮ್ಮ ನನ್ನ ಕೈ ಬಿಡಲಿಲ್ಲ. "ಅವಳಿಗೆ ನಾನು ಕರೆದದ್ದು ಕೇಳ್ಲಿಲ್ಲ ಮಗಳೇ, ಕಡೆಗೆ ಎಷ್ಟು ಕರೆದೆ" ಎಂದು ಅದೊಂದನ್ನೇ ಹೇಳುತ್ತಿದ್ದರು.

ಇನ್ನು ನಿನ್ನೆಯ ಸಂಗತಿ. ಕುದುರೆಯವರು ನಮಗೆ ಗೊತ್ತಿಲ್ಲದ ಇನ್ನೊಂದು ಆಲ್ಬಮ್ ಮಾಡಿದ್ದರಂತೆ. ಕಲಂದರ್ ಊರಿಗೆ ಬಂದು ಕ್ಯಾಸೆಟ್ಟು ಬರುವುದು ನಿಂತುಹೋದ ಮೇಲಿನದ್ದು. ಹಿಶಾಮ್ ಕಳುಹಿಸಿ, "ಆಂಟಿ, ಇದು ಉಮ್ಮ ಕೇಳಿದ್ದಾ?" ಎಂದು ಕೇಳಿದ್ದ. ಇಲ್ಲ, ನೀನು ಕೇಳಿಲ್ಲ. ಮನೆಯಲ್ಲಿ ಒಬ್ಬಳೇ ಹಾಕಲು ಧೈರ್ಯವಾಗಲಿಲ್ಲ. ಪುತ್ತೂರಿಗೆ ತೆಗೆದುಕೊಂಡು ಹೋದೆ.

ಚಾವಡಿಯಲ್ಲಿ, ಸದ್ದು ದೊಡ್ಡದಾಗಲೆಂದು, ಫೋನನ್ನು ಸ್ಟೀಲಿನ ಲೋಟದೊಳಗೆ ನಿಲ್ಲಿಸಿ ಹಾಕಿದೆ. ಉಮ್ಮ ಎಂಬತ್ತು ದಾಟಿದವರು, ತಸ್ಬೀಹಿನ ಜಪಮಣಿ ಎಣಿಸುವುದನ್ನು ನಿಲ್ಲಿಸಿ ಕೇಳಿದರು. ಒಂದು ಹಾಡಿಗೂ ಏಳಲಿಲ್ಲ. ವಯಸ್ಸಾದವರ ಆಲ್ಬಮ್ ಅದು. ಡ್ರಮ್ಮು ಓಡುವುದಿಲ್ಲ, ನಡೆಯುತ್ತದೆ. ಹಾಡಿನವನ ಗಂಟಲು ಒರಟಾಗಿದೆ, ಎತ್ತರಕ್ಕೆ ಹೋಗಲು ಅವನು ಪ್ರಯತ್ನವನ್ನೇ ಮಾಡುವುದಿಲ್ಲ, ಅದು ನನಗೆ ಇಷ್ಟವಾಯಿತು. ಆದರೆ ನಡುವಿನ ಎರಡು ಹಾಡು ಬೇಡವಾಗಿತ್ತು. ನಿನ್ನ ಗಿಟಾರಿನವನು ಕಡಿಮೆ ಬಾರಿಸುತ್ತಾನೆ. ಎಲ್ಲ ಬಾರಿಸಬಲ್ಲವನು ಬೇಕೆಂದೇ ಬಿಟ್ಟ ಹಾಗೆ. ನನಗೆ ಸಿಟ್ಟು ಬಂತು. ಇಷ್ಟು ಬೇಗ ಯಾಕೆ ಮುಗಿಸಿದ ಅನಿಸಿತು. ನಲವತ್ತು ವರ್ಷ ನಿನ್ನ ಜೊತೆ ಜಗಳಾಡಿದ ನನಗೆ!

ಮುಗಿದ ಮೇಲೆ ಉಮ್ಮ, "ಇದು ಅವಳಿಗೆ ಹಿಡಿಸ್ತಿರ್ಲಿಲ್ಲ" ಎಂದರು.

"ಇಲ್ಲ ಉಮ್ಮ, ಹಿಡಿಸ್ತಿತ್ತು" ಎಂದೆ.

"ಎಂತ ಹಿಡಿಸುದು? ಅವಳಿಗೆ ಜೋರು ಬೇಕು. ನಂಗೆ ಗೊತ್ತಿಲ್ವಾ? ಹೆತ್ತವಳು ನಾನು."

"ಕಡೆಯ ಹಾಡು ಹಿಡಿಸ್ತಿತ್ತು ಉಮ್ಮ. ನಿಮ್ಮಾಣೆ."

"ಕಡೆಯದ್ದು ಒಂದು ಅಡ್ಡಿಯಿಲ್ಲ" ಎಂದರು ಉಮ್ಮ.

ಇಬ್ಬರೂ ಮಹಡಿಯ ಮೆಟ್ಟಿಲಿನ ಕಡೆ ನೋಡುತ್ತಿದ್ದೇವೆಂದು ಸ್ವಲ್ಪ ಹೊತ್ತಿನ ಮೇಲೆ ನನಗೆ ಗೊತ್ತಾಯಿತು. ನಿನ್ನ ಆಲ್ಬಮ್ ಬಗ್ಗೆ ನಾವಿಬ್ಬರೇ ಮಾತಾಡುವುದನ್ನು ಕೇಳಿದ್ದರೆ ನೀನು ದಡದಡನೆ ಇಳಿದು ಬಂದು, ನಿಮ್ಮಿಬ್ಬರಿಗೂ ಎಂತದೂ ಗೊತ್ತಿಲ್ಲ ಎಂದು ಬೈಯಬೇಕಿತ್ತು.

ಉಮ್ಮನೇ ಮೊದಲು ಕಣ್ಣು ಈಚೆ ತಿರುಗಿಸಿ, "ಇನ್ನೊಮ್ಮೆ ಹಾಕು ಮಗಳೇ" ಎಂದರು.

ಹಾಕಿದೆ. ಯಾರೂ ಇಳಿದು ಬರಲಿಲ್ಲ ನಶೀದಾ.

ನಿನ್ನ ಸೃಷ್ಟಿಸಿದ ದೇವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ. ನೀನಿರುವಲ್ಲಿ ನಿನಗೆ ಎಲ್ಲವೂ ಕೇಳಿಸಲಿ.

ಇನ್ನು ಜಗಳಕ್ಕೆ ಯಾರೂ ಇಲ್ಲದ,
ನಿನ್ನ ಕೌಸಲ್ಯಾ