ಮೇಲ್ ತಲುಪಿದೆ

ಫೆಬ್ರವರಿ 3, ಸೋಮವಾರ
ಮತ್ತೆ ಡೆನ್ಮಾರ್ಕಿನ ಕ್ಲೈಂಟ್ ಸೋರೆನ್. ನಮ್ಮ ಮೇಲ್‌ಗಳಲ್ಲಿ ಅವನ ಹೆಸರಿನ ಒಂದು ಅಕ್ಷರ ಒಡೆದು ಎರಡು ವಿಚಿತ್ರ ಗುರುತುಗಳಾಗುತ್ತಿದೆ — SÃ¸ren. ಬರೆಯುವುದು ಅಕ್ಷರಗಳನ್ನು ಸಂಕೇತವಾಗಿಸುವ ಒಂದು ಎನ್‌ಕೋಡಿಂಗ್‌ನಲ್ಲಿ, ಕಳಿಸುವುದು ಇನ್ನೊಂದರಲ್ಲಿ. ಎಲ್ಲವನ್ನೂ ಎಲ್ಲ ಭಾಷೆಗೂ ಜಾಗವಿರುವ UTF-8ಗೆ ತರೋಣ, ಒಂದು ವಾರ ಕೊಡಿ ಎಂದೆ. ಮ್ಯಾನೇಜರ್ ಚನ್ನಕೇಶವ ಅವರಿಗೆ ನಾಳೆಯೇ ಆಗಬೇಕು. ಲ್ಯಾಟಿನ್-1 ಹಾಕಿಬಿಡಿ ಎಂದರು. ಅದರಲ್ಲಿ ಯುರೋಪಿನ ಅಕ್ಷರಗಳಿಗಷ್ಟೇ ಜಾಗ, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ ಎಂದು ಹೇಳಿದೆ.
"ನಮ್ಮಲ್ಲಿ ಕನ್ನಡ ಮೇಲ್ ಯಾರ್ ಓದ್ತಾರೆ, ಮಹತಿ?"
ಹೀಗೆ ಕೇಳಿದವರು ಶೆಟ್ಟಿಹಳ್ಳಿಯಲ್ಲೇ ಹುಟ್ಟಿ ಬೆಳೆದವರು.

ಫೆಬ್ರವರಿ 4
ಹಾಕಿದೆ. ಸೋರೆನ್ ಖುಷಿ. ಥ್ಯಾಂಕ್ಸ್ ಚನ್ನಕೇಶವ ಅವರಿಗೆ.

ಫೆಬ್ರವರಿ 11, ಬೆಳಿಗ್ಗೆ
ಹೆಬ್ಬಾಳ ಫ್ಲೈಓವರ್ ಮೇಲೆ ಕ್ಯಾಬ್ ನಿಂತಾಗ ಡ್ರೈವರ್ ಮುನಿರಾಜಣ್ಣ ಮೊಬೈಲನ್ನು ಹಿಂದಕ್ಕೆ ಚಾಚಿದರು. ಹುಣಸಮಾರನಹಳ್ಳಿಯವರು, ಮೊದಲಿನಿಂದಲೂ ನಮ್ಮ ರೂಟು. ನಮ್ಮ ಟ್ರಾನ್ಸ್‌ಪೋರ್ಟ್ ವಿಭಾಗ ಡ್ರೈವರ್‌ಗಳಿಗೆ ಕನ್ನಡದಲ್ಲಿ ಕಳಿಸಿದ ಮೇಲ್. ಬರೀ ???? ???.
"ಏನ್ ಮೇಡಂ, ಇಂಗ್ ಕಳ್ಸವ್ರೆ?"
ಕಾರಣ ಗೊತ್ತಿತ್ತು. ವಿಚಾರಿಸಿ ಹೇಳುತ್ತೇನೆ ಎಂದೆ. ಆಫೀಸಿಗೆ ಬಂದವಳೇ ಚನ್ನಕೇಶವ ಅವರಿಗೆ ತಿಳಿಸಿದೆ. ಟ್ರಾನ್ಸ್‌ಪೋರ್ಟ್‌ನವರಿಗೆ ತಾವೇ ಹೇಳುತ್ತಾರಂತೆ.

ಫೆಬ್ರವರಿ 24
ಕ್ಯಾಬಿನಲ್ಲಿ ಹೊಸ ಡ್ರೈವರ್. ಆ ಮೇಲ್‌ನಲ್ಲಿ ಇದ್ದದ್ದು ಏನೆಂದು ಇವತ್ತು ಗೊತ್ತಾಯಿತು: ಹದಿನೈದನೇ ತಾರೀಖಿನೊಳಗೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ತೋರಿಸದಿದ್ದರೆ ಕೆಲಸವಿಲ್ಲ. ಮುನಿರಾಜಣ್ಣ ತೋರಿಸಿಲ್ಲ. ಹೇಗೆ ತೋರಿಸುತ್ತಾರೆ... ಚನ್ನಕೇಶವ ಅವರು ಯಾರಿಗೂ ಹೇಳಿಯೇ ಇಲ್ಲ. ಮರೆತೆ ಎಂದರು, ಕಾಫಿ ಕುಡಿಯುತ್ತಾ.

ಫೆಬ್ರವರಿ 25
ಡ್ರೈವರ್‌ಗಳು ದೂರು ಕೊಟ್ಟಿದ್ದಾರೆ. ಎಚ್‌ಆರ್ ನನ್ನಿಂದ ರಿಪೋರ್ಟ್ ಕೇಳಿತು. ಇದ್ದದ್ದನ್ನು ಬರೆದೆ — ಮೇಲ್ ತಲುಪಿದೆ. ಆದರೆ ಓದುವ ಸ್ಥಿತಿಯಲ್ಲಿ ಇರಲಿಲ್ಲ, ತಪ್ಪು ನಮ್ಮ ಸೆಟ್ಟಿಂಗ್‌ನದು.
ಚನ್ನಕೇಶವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಲಾಗ್‌ನಲ್ಲಿ ಏನಿದೆ? ಡೆಲಿವರ್ಡ್ ಅಂತ ತಾನೆ? ಅಷ್ಟೇ ಬರೀರಿ. ಮುಂದಿನ ತಿಂಗಳು ನಿಮ್ಮ ಅಪ್ರೈಸಲ್ ಇದೆ."
ಎರಡನೇ ವಾಕ್ಯ ಅಳಿಸಿದೆ. ಕಳಿಸಿದೆ.
ಗೊತ್ತಿದ್ದೂ ಕಳಿಸಿದೆನಲ್ಲ.

ಫೆಬ್ರವರಿ 27
ಗೇಟಿನಲ್ಲಿ ಮುನಿರಾಜಣ್ಣ. ಸೆಕ್ಯುರಿಟಿ ನಾಸಿರ್ ಒಳಗೆ ಬಿಟ್ಟಿಲ್ಲ. ನಾನೇ ಕೆಳಗಿಳಿದು ಹೋದೆ. ಅವರ ಕೈಯಲ್ಲಿ ನನ್ನ ರಿಪೋರ್ಟಿನ ಪ್ರಿಂಟ್. ಎಚ್‌ಆರ್‌ನವರು ಕೊಟ್ಟದ್ದಂತೆ.
"ತಲ್ಪೈತೆ ಅಂತ ನೀವೇ ಬರ್ದಿದೀರಂತೆ. ನಿಮ್ಗೇ ತೋರ್ಸಿದ್ನಲ್ಲ ಮೇಡಂ."
ಮ್ಯಾನೇಜರ್ ಬರೆಸಿದ್ದು ಎನ್ನಬಹುದಿತ್ತು. ಮುನಿರಾಜಣ್ಣ ಜಗಳಕ್ಕೆ ಬಂದಿರಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಟ್ಟರೆ ಸಾಕು, ಕೆಲಸ ಉಳಿಯಬಹುದು ಎಂದರು. ಜೇಬಿನಿಂದ ಪೆನ್ನು ತೆಗೆದು ನನ್ನ ಕಡೆ ಹಿಡಿದರು.
ಮೇಲೆ ಮೀಟಿಂಗ್ ಇದೆ, ಆಮೇಲೆ ನೋಡೋಣ ಎಂದು ಹೇಳಿ, ಪೆನ್ನು ಮುಟ್ಟದೆ ಒಳಗೆ ಬಂದೆ.