ಸೀಟಿನ ಕೆಳಗಿನ ಹಳದಿ ಬಟ್ಟೆ

ಬಾಗೂರು,
ಬುಧವಾರ, 23-10-2024, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮೊಣಕೈ ಹೇಗಿದೆ? ಊರವರಿಗೆಲ್ಲ ಗಾಯ ಕಟ್ಟುವ ನರ್ಸಮ್ಮ ತನ್ನ ಗಾಯಕ್ಕೆ ಮಾತ್ರ ಅರಿಸಿನ ಮೆತ್ತಿಕೊಂಡು ಸುಮ್ಮನಿರುತ್ತಾಳೆ ಎಂದು ನನಗೆ ಗೊತ್ತು. ಟಿ.ಟಿ. ಚುಚ್ಚಿಕೊಂಡೆಯಾ? ಅಪ್ಪನ ಕೆಮ್ಮು ಇಳಿದಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ನೀನು ಸೈಕಲ್ಲಿನಿಂದ ಬಿದ್ದ ಸುದ್ದಿ ಬಂದ ಮೇಲೆ, ಈ ಆರು ದಿನವೂ ಕಣ್ಣು ಮುಚ್ಚಿದರೆ ನಾಲೆಯ ಇಳಿಜಾರೇ ಕಾಣುತ್ತದೆ. ನಾನದನ್ನು ನೋಡಿರುವುದು ಒಂದೇ ಸಲ, ನಿನಗೆ ರಾಮನಾಥಪುರದ ಆಚೆಯ ಆರೋಗ್ಯ ಉಪಕೇಂದ್ರಕ್ಕೆ ವರ್ಗವಾಗಿ ಸಾಮಾನು ಇಳಿಸಲು ಬಂದಿದ್ದಾಗ. ಇಳಿಜಾರು ಮುಗಿಯುವಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ, ನೀರು ನೇರಕ್ಕಿದೆ, ನಡುವೆ ತಡೆಗೋಡೆಯಿಲ್ಲ. "ಬ್ರೇಕ್ ಇಡೀಲೇ ಇಲ್ಲ ಕಣೆ, ಲಂಟಾನ ಪೊದೆ ಇಲ್ದಿದ್ರೆ ಸೀದಾ ನಾಲೆಗೇ" ಎಂದು ನೀನು ಫೋನಿನಲ್ಲಿ ನಕ್ಕೆ. ನನಗೆ ನಗು ಬರಲಿಲ್ಲ. ನಾಳೆ ಗುರುವಾರ, ಲಸಿಕೆಯ ದಿನ. ಡಬ್ಬಿ ಕಟ್ಟಿಕೊಂಡು ಮತ್ತೆ ಅದೇ ಇಳಿಜಾರು ಇಳಿಯುತ್ತೀಯ. ಪೊದೆ ಈಗಾಗಲೇ ಮುರಿದು ಬಿದ್ದಿದೆ. ಸೈಕಲ್ ಹತ್ತಬೇಡ ಎಂದು ನಿನ್ನೆ ಸಂಜೆ ಹೇಳಿದರೆ, "ಔದಾ? ಮಕ್ಳನ್ನೆಲ್ಲ ನೀನ್ ಒತ್ಕಂಡ್ ಬತ್ತೀಯಾ?" ಎಂದು ಫೋನ್ ಇಟ್ಟುಬಿಟ್ಟೆ.

ಈ ಪೊಟ್ಟಣದಲ್ಲಿ ಪಂಪ್ ಇದೆ. ಮುಂದಿನ ಚಕ್ರದ ಗಾಳಿ ದಿನವೂ ಇಳಿಯುತ್ತದೆ, ಸುತ್ತ ಒಂದೂ ಸೈಕಲ್ ಅಂಗಡಿಯಿಲ್ಲ ಎಂದು ಹಬ್ಬಕ್ಕೆ ಬಂದಾಗ ಹೇಳಿದ್ದೆಯಲ್ಲ. ಮೊದಲು ಆನ್‌ಲೈನಿನಲ್ಲಿ ಅಂಗೈಯಗಲದ್ದೊಂದು ತರಿಸಿದೆ. ಸೈಕಲ್ ಅಂಗಡಿಯ ಕೆಂಪಣ್ಣನಿಗೆ ತೋರಿಸಿದರೆ, "ಇದ್ರ ಬಾಯಿ ಕಾರಿನ್ ಚಕ್ರುಕ್ ಕಣವ್ವ. ನಿಮ್ಮವ್ವ ಕಾರ್ ತಗಂಡವ್ರಾ?" ಎಂದ. ಕೊಳ್ಳುವ ಮೊದಲು ನೋಡಬೇಕಾದದ್ದೇ ಅದಂತೆ: ನಮ್ಮ ಚಕ್ರದ ವಾಲ್ವಿಗೆ ಪಂಪಿನ ಬಾಯಿ ಕೂರುತ್ತದೆಯೇ ಎಂದು. ಇನ್ನೊಂದು, ರಬ್ಬರ್ ಕೊಳವೆ ಇರಬೇಕು. ಕೊಳವೆಯಿಲ್ಲದೆ ನೇರವಾಗಿ ಕಚ್ಚಿಸುವ ಪುಟ್ಟ ಪಂಪು ಒತ್ತಿದಾಗೆಲ್ಲ ಅಲುಗಿ ವಾಲ್ವಿನ ಬುಡವನ್ನೇ ಕೀಳುತ್ತದೆ. ಅವನ ಅಂಗಡಿಯಲ್ಲೇ ಕೊಂಡ ಈ ಪಂಪು ಮೊಳದುದ್ದ ಇದೆ. ಚೀಲದಲ್ಲಿ ಹಿಡಿಸದಿದ್ದರೆ ಕ್ಯಾರಿಯರಿಗೆ ಕಟ್ಟಿಕೋ. ತುದಿಯಲ್ಲಿ ಮಡಚಿದ ಪಟ್ಟಿಯಿದೆ, ಬಿಡಿಸಿ ಪಾದದಲ್ಲಿ ಅದುಮಿಕೊಂಡರೆ ಎರಡೂ ಕೈಯಿಂದ ಒತ್ತಬಹುದು. ಅಂಗಡಿಯಲ್ಲೇ ಒಂದು ಖಾಲಿ ಚಕ್ರ ತುಂಬಿಸಿ ನೋಡಿದೆ. ಎಪ್ಪತ್ತು ಸಲ ಒತ್ತಿದ ಮೇಲೆ ಹೆಬ್ಬೆರಳಿಗೆ ಟೈರು ಬಗ್ಗಲಿಲ್ಲ. ನಿನ್ನ ಬೆನ್ನಿಗೆ ಕಷ್ಟವಾದರೆ ನಡುವೆ ಕೂತು ಸುಧಾರಿಸಿಕೋ.

ಬೆಳಿಗ್ಗೆ ಹೊರಡುವ ಮುಂಚೆ ಹೆಬ್ಬೆರಳಿನಿಂದ ಎರಡೂ ಟೈರು ಒತ್ತಿ ನೋಡು. ಚೈನಿಗೆ ಎಣ್ಣೆ ಹನಿ ಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಿಬಿಡು. ಆದರೆ ಎಲ್ಲಕ್ಕಿಂತ ಮೊದಲು, ಈ ಕಾಗದ ಕೈಗೆ ಬಂದ ಕೂಡಲೇ, ಎರಡೂ ಚಕ್ರದ ರಿಮ್ಮುಗಳನ್ನು ಪಾತ್ರೆ ಸೋಪಿನ ನೀರಿನಲ್ಲಿ ಎರಡು ಸಲ ತೊಳೆ. ಬ್ರೇಕಿನ ರಬ್ಬರುಗಳನ್ನು ಉಪ್ಪು ಕಾಗದದಲ್ಲಿ ಉಜ್ಜು. ಒಂದು ತುಂಡು ಇಟ್ಟಿದ್ದೇನೆ. ಆಮೇಲೆ ಬ್ರೇಕ್ ಹಿಡಿದು ಸೈಕಲ್ ತಳ್ಳಿ ನೋಡು. ಚಕ್ರ ಒಂದಿಷ್ಟೂ ಉರುಳಬಾರದು. ಉರುಳಿದರೆ ಹತ್ತಬೇಡ.

ಅಪ್ಪನ ಸಿಟ್ಟು ಇನ್ನೂ ಇಳಿದಿಲ್ಲ. ನೀನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಿದ್ದ ಸೈಕಲ್ಲಿಗೆ ಹಬ್ಬದ ಹಿಂದಿನ ದಿನ ಬ್ರೇಕ್ ರಬ್ಬರ್ ಹಾಕಿಕೊಟ್ಟವನು ಕೆಂಪಣ್ಣನೇ ಅಲ್ಲವೆ? ನೀನು ಬಿದ್ದ ಮಾರನೆಯ ದಿನ ಅಪ್ಪ ಅಂಗಡಿಯ ಮುಂದೆ ನಿಂತು, "ಲೇ ಕೆಂಪ, ಬ್ರೇಕ್ ಆಕಿದ್ಯೋ ಬೆಣ್ಣೆ ಮೆತ್ತಿದ್ಯೋ? ಅವ್ಳು ನಾಲೆ ಪಾಲಾಗಿದ್ರೆ ನೀನ್ ತಂದ್ಕೊಡ್ತಿದ್ದೇನ್ಲಾ?" ಎಂದು ಕೂಗಾಡಿದರು. ಜನ ಸೇರಿತು. ಕೆಂಪಣ್ಣ ಕೈಯ ಗ್ರೀಸ್ ಒರೆಸಿಕೊಳ್ಳುತ್ತ, "ಸೈಕಲ್ ನೋಡ್ದೆ ನಾನೆಂಗೇಳ್ಲಣ್ಣ" ಎಂದನಷ್ಟೆ. ಆವತ್ತಿನಿಂದ ಇಬ್ಬರು ಗಿರಾಕಿಗಳು ತಮ್ಮ ಸೈಕಲ್ ವಾಪಸ್ ಒಯ್ದಿದ್ದಾರೆ. ಆದರೂ ನಿನ್ನೆ ನನ್ನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿಕೊಟ್ಟವನು ಅವನೇ. ನಾನು ಒಬ್ಬಳೇ ಹೋಗಿದ್ದೆ.

ಪೊಟ್ಟಣವನ್ನು ಕಂಡಕ್ಟರ್ ಪರಮೇಶ್ ಕೈಗೆ ಕೊಡುತ್ತೇನೆ. ಹೊಳೆನರಸೀಪುರ ದಾಟಿ, ಅರಕಲಗೂಡಿನಲ್ಲಿ ರಾಮನಾಥಪುರದ ಬಸ್ಸಿಗೆ ದಾಟಿಸುತ್ತಾನೆ. ಸಂಜೆಯೊಳಗೆ ನೀನು ಮಾತ್ರೆ ತರುವ ಮೆಡಿಕಲ್ ಅಂಗಡಿಗೆ ಬರುತ್ತದೆ. ಅಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಊಟ ಬಿಡಬೇಡ.

ನಿನ್ನ ಮಗಳು,
ನೇತ್ರಾವತಿ

ಮರೆತಿದ್ದಲ್ಲ, ಬರೆಯದೆ ಬಿಟ್ಟಿದ್ದು: ಆಯುಧಪೂಜೆಯ ದಿನ ಕುಡುಗೋಲು, ನೇಗಿಲಿನ ಗುಳಕ್ಕೆ ಹಚ್ಚಿ ಉಳಿದ ಕೊಬ್ಬರಿ ಎಣ್ಣೆಯನ್ನು ನಿನ್ನ ರಿಮ್ಮುಗಳಿಗೂ ಉಜ್ಜಿದವಳು ನಾನು. "ಮಕ ನೋಡ್ಕಬೋದು ಕಣೆ" ಎಂದು ನೀನು ನನ್ನ ಕೆನ್ನೆ ತಟ್ಟಿದೆ. ಬ್ರೇಕಿನ ರಬ್ಬರ್ ಹಿಡಿಯುವುದು ಆ ರಿಮ್ಮನ್ನೇ. "ರಿಮ್ಮಿಗೆ ಎಣ್ಣೆ ಮುಟ್ಟುಸ್ಬಾರ್ದು ಕಣವ್ವ. ಅಬ್ಬ ಆದ್ ವಾರ ಯಾರಾರ ಒಬ್ರು ಇಂಗೇ ಬೀಳ್ತಾರೆ" ಎಂದು ನಿನ್ನೆ ಕೆಂಪಣ್ಣ ಹೇಳಿದಾಗ ನಾನು ಪಂಪಿನ ಕಡೆ ನೋಡುತ್ತ ಕೂತೆ. ಸಂಜೆ ಫೋನಿನಲ್ಲಿ ಅಪ್ಪ ಪಕ್ಕದಲ್ಲಿದ್ದರು, ಆಗಲೂ ಹೇಳಲಿಲ್ಲ. ತೊಳೆದರೆ ಹೋಗುತ್ತದಲ್ಲ, ಕಾರಣ ಯಾಕೆ ಎಂದುಕೊಂಡೆ. ಈಗ ಪಂಪಿಗೆ ಸುತ್ತಲು ಬಟ್ಟೆ ಹುಡುಕುವಾಗ ನೆನಪಾಯಿತು: ಎಣ್ಣೆ ಉಜ್ಜಿದ ಹಳದಿ ಬಟ್ಟೆಯನ್ನು ನಿನ್ನ ಸೀಟಿನ ಕೆಳಗೇ ಸಿಕ್ಕಿಸಿದ್ದೆ. "ದಿನಾ ಅದ್ರಲ್ಲೇ ವರುಸ್ತೀನಿ, ಇನ್ನೂ ಅಂಗೇ ಒಳೀತದೆ" ಎಂದು ಆಮೇಲೆ ಫೋನಿನಲ್ಲಿ ಹೇಳಿದ್ದೆಯಲ್ಲ ನೀನು! ನಾಲ್ಕು ಸಲ ಫೋನ್ ಮಾಡಿದೆ, ವ್ಯಾಪ್ತಿಯ ಹೊರಗೆ ಎನ್ನುತ್ತಿದೆ. ಅಪ್ಪನಿಗೆ ಹೇಳಿಬಿಟ್ಟೆ. ಅಂಗಿ ಹಾಕಿಕೊಂಡು ಕೆಂಪಣ್ಣನ ಅಂಗಡಿಗೆ ಹೋದರು. ಬಸ್ಸು ಹಾರನ್ ಹೊಡೆಯುತ್ತಿದೆ. ತೊಳೆದ ಮೇಲೂ ಆ ಬಟ್ಟೆ ಮುಟ್ಟಿಸಬೇಡ ಅಮ್ಮಾ, ಒಲೆಗೆ ಹಾಕು. ನಾಳೆ ಒಂದು ದಿನ ನಡೆದೇ ಹೋಗು.